ಹೊಗೆಕೊಳವೆಗಳ ಎದುರಿನ ಬಿಡುವು

ಜಾರ್ಜ್ ಸೂರಾ 1884ರಲ್ಲಿ ಮುಗಿಸಿದ ‘ಆನಿಯೆರ್‌ನಲ್ಲಿ ಸ್ನಾನ’ ಚಿತ್ರವನ್ನು ಭಾನುವಾರದ ದೃಶ್ಯವೆಂದು ಭಾವಿಸುವವರು ಹೆಚ್ಚು. ಪ್ಯಾರಿಸ್ಸಿನ ವಾಯವ್ಯಕ್ಕೆ ಸೇನ್ ನದಿಯ ದಂಡೆ. ಹುಲ್ಲಿನ ಮೇಲೆ ಕೂತ, ಒರಗಿದ ಗಂಡಸರು. ಕಳಚಿಟ್ಟ ಬಟ್ಟೆ, ಬೂಟು. ನೀರಲ್ಲಿ ನಿಂತು ಎರಡೂ ಕೈ ಬಾಯಿಗೆ ಹಿಡಿದು ಕೂಗುವ ಕೆಂಪು ಟೊಪ್ಪಿಗೆಯ ಹುಡುಗ. ಆಚೆಗೆ ಕ್ಲಿಶಿಯ ಕಾರ್ಖಾನೆಗಳ ಕೊಳವೆಗಳು ಹೊಗೆ ಬಿಡುತ್ತಿವೆ. ಸೂರಾ ಇದಕ್ಕೆ ವಾರದ ಹೆಸರಿಡಲಿಲ್ಲ. ಎದುರಿಗಿದ್ದ ಗ್ರಾಂಡ್ ಜಾಟ್ ದ್ವೀಪವನ್ನು ಮುಂದೆ ಚಿತ್ರಿಸಿದಾಗ ಮಾತ್ರ ಶೀರ್ಷಿಕೆಯಲ್ಲೇ ಭಾನುವಾರವೆಂದ. ಆನಿಯೆರ್ ದಂಡೆಯಲ್ಲಿ ಕಾಣುವುದು ದುಡಿಯುವವರು ತಾವಾಗಿ ತೆಗೆದುಕೊಂಡ ಬಿಡುವು ಎಂಬುದು ನನ್ನ ವಾದ.

ಆ ಕಾಲದ ಕಾನೂನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಭಾನುವಾರ ಕೆಲಸ ನಿಲ್ಲಿಸಬೇಕೆಂದು 1814ರಲ್ಲಿ ಮಾಡಿದ್ದ ಕಾಯಿದೆಯನ್ನು ಫ್ರಾನ್ಸ್ 1880ರಲ್ಲಿ ರದ್ದುಮಾಡಿತು. ವಾರದ ರಜೆ ಎಲ್ಲ ಕಾರ್ಮಿಕರ ಹಕ್ಕೆಂದು ಒಪ್ಪಿದ್ದು 1906ರಲ್ಲಿ. ನಡುವಿನ 26 ವರ್ಷ ವಯಸ್ಕ ಗಂಡಸಿನ ವಿಶ್ರಾಂತಿ ಮಾಲೀಕನ ಮರ್ಜಿಯದು, ಇಲ್ಲವೇ ಅವನದೇ ಧೈರ್ಯದ್ದು. ಕಸುಬುದಾರರಲ್ಲಿ ಸೋಮವಾರ ಕೆಲಸಕ್ಕೆ ಚಕ್ಕರ್ ಹೊಡೆಯುವ ಹಳೆಯ ರೂಢಿಯೂ ಇತ್ತು. ಮಾಲೀಕರು ಅದನ್ನು ಸೋಮಾರಿತನವೆಂದು ಜರೆಯುತ್ತಿದ್ದರು. ಆ ರೂಢಿ ಕ್ಷೀಣಿಸುತ್ತಿದ್ದ ದಿನಗಳಲ್ಲಿ ಸೂರಾ ಈ ಜನರನ್ನು ಸುಮಾರು 2 ಮೀಟರ್ ಎತ್ತರ, 3 ಮೀಟರ್ ಅಗಲದ ಕ್ಯಾನ್ವಾಸಿನಲ್ಲಿ ಕೂರಿಸಿದ.

ಹೊಗೆ ಕಂಡ ಮಾತ್ರಕ್ಕೆ ಅದು ಕೆಲಸದ ದಿನವೆಂದು ಹೇಗೆ ಹೇಳುವುದು, ಕ್ಲಿಶಿಯಲ್ಲಿ ಗ್ಯಾಸ್ ಕಾರ್ಖಾನೆಯೂ ಇತ್ತಲ್ಲ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ, ನಗರಕ್ಕೆ ದೀಪದ ಅನಿಲ ಭಾನುವಾರವೂ ಬೇಕು. ಹಾಗಾಗಿ ದಿನ ಸೋಮವಾರವೇ ಎಂದು ನಾನು ಹಟ ಹಿಡಿಯುವುದಿಲ್ಲ. ಹುಡುಗರು ಶಾಲೆಯಲ್ಲಿರಬೇಕಿತ್ತು ಎಂಬ ಆಕ್ಷೇಪಕ್ಕೆ ಅಷ್ಟು ಬಲವಿಲ್ಲ: 1882ರ ಕಡ್ಡಾಯ ಶಿಕ್ಷಣ 13ನೇ ವಯಸ್ಸಿಗೆ ಮುಗಿಯುತ್ತಿತ್ತು. ಚಿತ್ರಕಾರ ಕಂಡದ್ದನ್ನು ಬಿಡಿಸಿದ, ಕೊಳವೆಗಳು ಅಲ್ಲಿದ್ದವು, ಅಷ್ಟೇ ಎನ್ನುವುದು ಮೂರನೆಯ ಆಕ್ಷೇಪ. ಅದನ್ನು ಸೂರಾನ ಕೆಲಸದ ರೀತಿಯೇ ಅಲ್ಲಗಳೆಯುತ್ತದೆ. ದಂಡೆಯಲ್ಲಿ ಕೂತು ಪುಟ್ಟ ಮರದ ಹಲಗೆಗಳ ಮೇಲೆ ಅವನು ಬಣ್ಣದ ಕರಡುಗಳನ್ನು ಬಿಡಿಸಿದ. ಒಂದರಲ್ಲಿ ನೀರಿಗಿಳಿದ ಕುದುರೆಗಳಿವೆ, ಇನ್ನೊಂದರಲ್ಲಿ ಕಾಮನಬಿಲ್ಲು. ಸ್ಟುಡಿಯೋದಲ್ಲಿ ದೊಡ್ಡ ಚಿತ್ರ ಕಟ್ಟುವಾಗ ಎರಡನ್ನೂ ಕೈಬಿಟ್ಟ. ಮುದ್ದಾಗಿ ಕಾಣುವುದು ಹೋಯಿತು, ಹೊಗೆ ಉಳಿಯಿತು. ಜೊತೆಗೆ, ಬಲಗಡೆ ದೂರದಲ್ಲಿ ಫ್ರೆಂಚ್ ಬಾವುಟ ಹೊತ್ತ ದೋಣಿಯಲ್ಲಿ ಎತ್ತರದ ಟೋಪಿಯ ಸಾಹೇಬನನ್ನೂ ಛತ್ರಿಯ ಹೆಂಗಸನ್ನೂ ಸೇರಿಸಿದ. ಆ ಜೋಡಿಯ ವಿಹಾರಕ್ಕೆ ಯಾರೂ ಸಮರ್ಥನೆ ಕೇಳುತ್ತಿರಲಿಲ್ಲ. ದಂಡೆಯ ಮೇಲಿನವರ ವಿಶ್ರಾಂತಿಗೆ ಕಾನೂನಿನ ಒಪ್ಪಿಗೆ ಸಿಗುವಷ್ಟರಲ್ಲಿ ಸೂರಾ ಸತ್ತು 15 ವರ್ಷವಾಗಿತ್ತು.