ಮುದ್ದೆ ಮುರಿಯುವ ಕೈ

ಮಂಡ್ಯದ ಕಡೆ ಲಕ್ವ ಹೊಡೆದವರನ್ನು ನೋಡಲು ಹೋದವರು ‘ಕೈ ಬಂತಾ?’ ಎಂದು ಕೇಳುತ್ತಾರೆ. ಬಂತು ಎಂದರೆ ಮುದ್ದೆ ಮುರಿದು ಸಾರಿಗದ್ದಿ ಬಾಯಿಗಿಟ್ಟುಕೊಳ್ಳುವಷ್ಟು ಬಂತು ಎಂದು. ವಿಶ್ವವಿದ್ಯಾಲಯಗಳ ಆಕ್ಯುಪೇಷನಲ್ ಥೆರಪಿ ವಿಭಾಗಗಳ ಸಂಶೋಧನೆ ಸುತ್ತಿ ಬಳಸಿ ಬಂದು ನಿಂತಿರುವುದೂ ಈ ಪ್ರಶ್ನೆಯ ಎದುರಿಗೇ. ಹೆಸರು ಕೇಳಿ ಇದು ನೌಕರಿ ಕೊಡಿಸುವ ವಿಭಾಗ ಅಂದುಕೊಳ್ಳುವವರಿದ್ದಾರೆ. ಇಲ್ಲಿ ಕೆಲಸವೆಂದರೆ ಅಂಗಿಯ ಗುಂಡಿ ಹಾಕುವುದು, ಚೊಂಬಿನಲ್ಲಿ ನೀರು ಮೊಗೆಯುವುದು, ಮಗು ಬಳಪ ಹಿಡಿಯುವುದು.

ಈ ವಿದ್ಯೆಯ ಬೇರು ಇರುವುದು ಹುಚ್ಚಾಸ್ಪತ್ರೆಗಳ ಅಂಗಳದಲ್ಲಿ. ಅಮೆರಿಕದಲ್ಲಿ 1917ರಲ್ಲಿ ಇದಕ್ಕೊಂದು ಸಂಘ ಹುಟ್ಟಿತು; ಮೊದಲ ಮಹಾಯುದ್ಧದಿಂದ ಗಾಯಗೊಂಡು ಬಂದ ಸೈನಿಕರು ಅದನ್ನು ಬೆಳೆಸಿದರು. ಅಲ್ಲಿ ಹುಟ್ಟಿ ಭಾರತದ ಸೊಸೆಯಾಗಿ ಬಂದ ಕಮಲಾ ನಿಂಬ್ಕರ್ 1950ರಲ್ಲಿ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ದೇಶದ ಮೊದಲ ತರಗತಿ ತೆರೆದರು. ಬೆಂಗಳೂರಿನಲ್ಲಿ 1974ರಲ್ಲಿ ಮಾನಸಿಕ ಆಸ್ಪತ್ರೆಯೂ ಅಧ್ಯಯನ ಸಂಸ್ಥೆಯೂ ಕೂಡಿ ನಿಮ್ಹಾನ್ಸ್ ಆಯಿತು. ಅಲ್ಲಿನ ಪುನರ್ವಸತಿ ವಿಭಾಗದ ಬಡಗಿ ಕೆಲಸ, ಬೇಕರಿ, ಮುದ್ರಣ ಹೊರಗಿನವರಿಗೆ ಹೊತ್ತು ಕಳೆಯುವ ಉಪಾಯದಂತೆ ಕಂಡಾವು. ಸಂಶೋಧಕರು ನೋಡುವುದು ಬೇರೆಯದನ್ನು: ಎಷ್ಟು ಹೊತ್ತು ಗಮನ ನಿಂತಿತು, ಕೆಲಸ ಮುಗಿಸುವ ಮನಸ್ಸು ಬಂತೇ, ಮನೆಗೆ ಹೋದಮೇಲೂ ಅದು ಉಳಿಯಿತೇ.

ಕೈಯ ಅಧ್ಯಯನಕ್ಕೆ ದಾರಿ ತೋರಿದ ಊರುಗಳಲ್ಲಿ ಪಕ್ಕದ ತಮಿಳುನಾಡಿನ ವೆಲ್ಲೂರೂ ಒಂದು. ಅಲ್ಲಿ ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳ ಮಡಚಿಹೋದ ಬೆರಳುಗಳಿಗೆ ಬೇರೆಡೆಯ ಸ್ನಾಯುರಜ್ಜು ಜೋಡಿಸಿದರು. ಜೋಡಿಸಿದ್ದು ಶಸ್ತ್ರಚಿಕಿತ್ಸಕ, ಆ ಬೆರಳಿಗೆ ಹೊಸ ಪಾಠ ಹೇಳಿಕೊಡಬೇಕಾದವರು ಥೆರಪಿಸ್ಟರು. ಮಂಡ್ಯದ ಕಬ್ಬಿನ ಸೀಮೆಗೆ ಈ ವಿದ್ಯೆ ದೂರದ್ದಲ್ಲ. ಆಲೆಮನೆಯ ಗಾಣಕ್ಕೆ ಸಿಕ್ಕ ಕೈ ಹೊಲಿಗೆ ಬಿಚ್ಚಿದ ಮಾತ್ರಕ್ಕೆ ಕುಡುಗೋಲು ಹಿಡಿಯುವುದಿಲ್ಲ.

ಮಕ್ಕಳ ಕಡೆಗೆ ದೃಷ್ಟಿ ಹೊರಳಿಸಿದವರು ಅಮೆರಿಕದ ಥೆರಪಿಸ್ಟ್ ಜೀನ್ ಏರ್ಸ್. ಮುಟ್ಟಿದರೆ ಬೆಚ್ಚುವ, ಸದ್ದಿಗೆ ಕಿವಿ ಮುಚ್ಚಿಕೊಳ್ಳುವ ಮಗು ಹಟಮಾರಿಯಲ್ಲ, ಇಂದ್ರಿಯಗಳು ತಂದ ಸುದ್ದಿಯನ್ನು ಮಿದುಳು ಹೊಂದಿಸಿಕೊಳ್ಳಲಾರದೆ ಹೀಗಾಗುತ್ತದೆ ಎಂದು ಅವರ 1972ರ ಪುಸ್ತಕ ವಾದಿಸಿತು. ಅದರ ಪುರಾವೆಯ ಬಗ್ಗೆ ತಕರಾರು ಇನ್ನೂ ಮುಗಿದಿಲ್ಲ. ಮುಗಿಯದಿರುವುದು ಸಂಶೋಧನೆಗೆ ಒಳ್ಳೆಯದೇ. ಲಕ್ವದ ವಿಷಯದಲ್ಲಿ ಗಟ್ಟಿಗೈಯನ್ನು ಕಟ್ಟಿಹಾಕಿ ಸೋತ ಕೈಯಿಂದಲೇ ದುಡಿಸುವ ಕ್ರಮ ಬಂತು. ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ ಕತ್ತರಿಸಿಹೋದ ಕೈಯಲ್ಲಿ ಕಾಡುವ ನೋವಿಗೆಂದು, ಉಳಿದ ಕೈಯ ಬಿಂಬ ತೋರಿಸಲು ಇಟ್ಟ ಕನ್ನಡಿ ಮುಂದೆ ಲಕ್ವದ ಕೈಗೂ ಬಂತು.

ಇಷ್ಟೆಲ್ಲ ಆದಮೇಲೆ ಉಳಿದ ಕಗ್ಗಂಟು ಅಳತೆಗೋಲಿನದು. ರೋಗಿ ದಿನನಿತ್ಯದ ಕೆಲಸ ಎಷ್ಟು ಮಾಡಿಕೊಳ್ಳಬಲ್ಲ ಎಂದು ಅಳೆಯಲು ಜಗತ್ತೆಲ್ಲ ಬಳಸುವ ಬಾರ್ತೆಲ್ ಸೂಚ್ಯಂಕ 1965ರದ್ದು, ಒಟ್ಟು 100 ಅಂಕ. ಊಟದ ಸಾಲಿನಲ್ಲಿ ಅದು ಕೇಳುವುದು ಕತ್ತರಿಸಲು, ಬೆಣ್ಣೆ ಸವರಲು ನೆರವು ಬೇಕೇ ಎಂದು. ಮಂಡ್ಯದ ಬಸರಾಳಿನ ತಟ್ಟೆಯಲ್ಲಿ ಬಿಸಿಮುದ್ದೆಯ ಮುಂದೆ ಈ ಪ್ರಶ್ನೆಗೆ ಏನು ಉತ್ತರ? ಮೆಟ್ಟಿಲು ಹತ್ತುವ ಪ್ರಶ್ನೆಯೇನೋ ಇದೆ. ಅದೇ ಊರಿನಲ್ಲಿ 1234ರಲ್ಲಿ ಹರಿಹರ ದಣ್ಣಾಯಕ ಕಟ್ಟಿಸಿದ ಮಲ್ಲಿಕಾರ್ಜುನನ ಗುಡಿಗೆ ಹೋಗಿಬರಲು ಅಷ್ಟು ಸಾಕು. ಕುಕ್ಕರುಗಾಲಿನಲ್ಲಿ ಕೂರುವುದರ ಪ್ರಶ್ನೆ ಮಾತ್ರ ಅದರಲ್ಲಿಲ್ಲ. ನೂರಕ್ಕೆ ನೂರು ಅಂಕ ಪಡೆದು ಮನೆಗೆ ಬಂದ ಹೆಂಗಸು ಹಸುವಿನ ಪಕ್ಕ ಕೂತು ಏಳಲಾರದೆ ಹೋದರೆ, ಮಾರನೆಯ ಬೆಳಗ್ಗೆ ಡೇರಿಗೆ ಹಾಲು ಹಾಕಲು ಕ್ಯಾನು ಹಿಡಿದು ಹೋಗುವವರು ಬೇರೆ ಯಾರೋ.