ಬ್ರಿಟನ್ನಿನ ಫುಟ್‌ಬಾಲ್ ಕ್ಲಬ್‌ಗಳ ದಾಖಲೆಗಳು: ಅಂಕಿಗಳ ಹಿಂದಿನ ಲೆಕ್ಕ

ಕಾಸರಗೋಡು, ವಯನಾಡು ಕಡೆಯ ನಮ್ಮ ಸದಸ್ಯರ ಮನೆಗಳಲ್ಲಿ ಫುಟ್‌ಬಾಲ್ ಹುಚ್ಚು ಹೊಸದೇನಲ್ಲ. ಇಂಗ್ಲೆಂಡಿನ ಕ್ಲಬ್‌ಗಳ ಅಂಕಿಸಂಖ್ಯೆ ಮಕ್ಕಳಿಗೆ ಬಾಯಿಪಾಠ. ಆದರೆ ಯಾವ ಅಂಕಿ ಯಾವ ಲೆಕ್ಕದಿಂದ ಬಂತು ಎಂದು ತಿಳಿಯದಿದ್ದರೆ ವಾದ ಮುಗಿಯುವುದೇ ಇಲ್ಲ. ಆದ್ದರಿಂದ ಈ ಬಾರಿಯ ಮಾಹಿತಿ ಪುಟವನ್ನು ಈ ವಿಷಯಕ್ಕೆ ಮೀಸಲಿಟ್ಟಿದ್ದೇವೆ.

ಬ್ರಿಟನ್ನಿಗೆಲ್ಲ ಸೇರಿ ಒಂದೇ ಲೀಗ್ ಇಲ್ಲ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಿಗೆ ಬೇರೆ ಬೇರೆ ಸಂಸ್ಥೆಗಳು, ಬೇರೆ ಬೇರೆ ದಾಖಲೆಗಳು. ಇಂಗ್ಲೆಂಡಿನಲ್ಲಿ ಎಫ್‌ಎ ಕಪ್ 1871ರಲ್ಲಿ ಆರಂಭವಾಯಿತು. 1888ರಲ್ಲಿ 12 ಕ್ಲಬ್‌ಗಳು ಸೇರಿ ಫುಟ್‌ಬಾಲ್ ಲೀಗ್ ಕಟ್ಟಿದವು. ಅದರ ಮೇಲಿನ ವಿಭಾಗ 1992ರಲ್ಲಿ ಬೇರೆಯಾಗಿ ಪ್ರೀಮಿಯರ್ ಲೀಗ್ ಆಯಿತು. ಪತ್ರಿಕೆಗಳು ಎಷ್ಟೋ ಸಲ ಆಟವೇ 1992ರಲ್ಲಿ ಹುಟ್ಟಿದಂತೆ ಬರೆಯುತ್ತವೆ. ಎರ್ಲಿಂಗ್ ಹಾಲಂಡ್ 2022–23ರಲ್ಲಿ ಹೊಡೆದ 36 ಗೋಲು ಪ್ರೀಮಿಯರ್ ಲೀಗ್ ದಾಖಲೆ, ನಿಜ. ಆದರೆ ಎವರ್ಟನ್ನಿನ ಡಿಕ್ಸಿ ಡೀನ್ 1927–28ರಲ್ಲಿ ಅದೇ ಮೇಲಿನ ವಿಭಾಗದಲ್ಲಿ 39 ಪಂದ್ಯಗಳಿಂದ 60 ಗೋಲು ಹೊಡೆದಿದ್ದರು. ಸೋಲೇ ಇಲ್ಲದ ಋತುವೂ ಹಾಗೆಯೇ: 2003–04ರಲ್ಲಿ ಆರ್ಸೆನಲ್ 38 ಪಂದ್ಯ, ಅದಕ್ಕೂ ಮೊದಲು 1888–89ರಲ್ಲಿ ಪ್ರೆಸ್ಟನ್ 22 ಪಂದ್ಯ.

ನಮಗೆ ಅತ್ಯಂತ ಕುತೂಹಲದ್ದೆನಿಸುವುದು 1923–24ರ ಅಂಕಪಟ್ಟಿ. ಹಡರ್ಸ್‌ಫೀಲ್ಡ್ ಮತ್ತು ವೇಲ್ಸಿನ ಕಾರ್ಡಿಫ್ ತಲಾ 42 ಪಂದ್ಯಗಳಲ್ಲಿ ತಲಾ 57 ಅಂಕ ಪಡೆದಿದ್ದವು. ಹಡರ್ಸ್‌ಫೀಲ್ಡ್ ಹೊಡೆದ ಗೋಲು 60, ಬಿಟ್ಟುಕೊಟ್ಟದ್ದು 33. ಕಾರ್ಡಿಫ್ 61 ಮತ್ತು 34. ಆಗಿನ ನಿಯಮದಂತೆ ಹೊಡೆದದ್ದನ್ನು ಬಿಟ್ಟುಕೊಟ್ಟದ್ದರಿಂದ ಭಾಗಿಸಬೇಕು. ಭಾಗಿಸಿದರೆ ಒಂದಕ್ಕೆ 1.818, ಇನ್ನೊಂದಕ್ಕೆ 1.794. ಹಡರ್ಸ್‌ಫೀಲ್ಡ್ ಚಾಂಪಿಯನ್. 1976–77ರಿಂದ ಭಾಗಾಕಾರ ಹೋಗಿ ವ್ಯವಕಲನ ಬಂತು. ಆ ಲೆಕ್ಕದಲ್ಲಿ ಇಬ್ಬರದೂ 27. ಹೆಚ್ಚು ಗೋಲು ಹೊಡೆದ ಕಾರ್ಡಿಫ್ ಗೆಲ್ಲುತ್ತಿತ್ತು! ಕೊನೆಯ ಪಂದ್ಯದಲ್ಲಿ ಕಾರ್ಡಿಫ್‌ಗೆ ಪೆನಾಲ್ಟಿ ಸಿಕ್ಕಿತ್ತು, ಅದು ಗೋಲಾಗಲಿಲ್ಲ. ಪಂದ್ಯ 0–0 ಡ್ರಾ ಆಯಿತು. ಆ ಕ್ಲಬ್ಬಿಗೆ ಇಂದಿಗೂ ಲೀಗ್ ಪ್ರಶಸ್ತಿ ದಕ್ಕಿಲ್ಲ.

ಗೆಲುವಿಗೆ ಎರಡರ ಬದಲು ಮೂರು ಅಂಕ ಕೊಡುವುದು ಇಂಗ್ಲೆಂಡಿನಲ್ಲಿ 1981ರಿಂದ. ಹಳೆಯ, ಹೊಸ ಅಂಕಗಳನ್ನು ಹೋಲಿಸುವವರು ಇದನ್ನು ಮರೆಯಬಾರದು.

ಆಡಿದ ಆಟವೇ ಪುಸ್ತಕದಿಂದ ಅಳಿಸಿಹೋದದ್ದೂ ಉಂಟು. 1939ರ ಋತು ಆರಂಭವಾದ ಮರುವಾರವೇ ಯುದ್ಧ ಬಂತು, ಲೀಗ್ ನಿಂತಿತು. ಮೂರಕ್ಕೆ ಮೂರೂ ಗೆದ್ದು ಬ್ಲ್ಯಾಕ್‌ಪೂಲ್ ಮೊದಲ ಸ್ಥಾನದಲ್ಲಿತ್ತು. ಆ ಪಂದ್ಯಗಳು ಅಧಿಕೃತ ಲೆಕ್ಕಕ್ಕಿಲ್ಲ. ಅಕ್ರಿಂಗ್ಟನ್ ಸ್ಟಾನ್ಲಿಯ ಕಥೆ ಇನ್ನೂ ನೋವಿನದು. ಸಾಲದಲ್ಲಿ ಮುಳುಗಿದ ಆ ಕ್ಲಬ್ 1962ರ ಮಾರ್ಚಿನಲ್ಲಿ, 33 ಪಂದ್ಯ ಆಡಿದ ಮೇಲೆ, ಲೀಗಿಗೆ ರಾಜೀನಾಮೆ ಕೊಟ್ಟಿತು. ಅದನ್ನು ಹಿಂದಕ್ಕೆ ಪಡೆಯಲು ಬಯಸಿದರೂ ಲೀಗ್ ಒಪ್ಪಲಿಲ್ಲ. 33 ಪಂದ್ಯಗಳ ಫಲಿತಾಂಶವೂ ರದ್ದಾಯಿತು. ಈಗಿರುವ ಅಕ್ರಿಂಗ್ಟನ್ ಸ್ಟಾನ್ಲಿ 1968ರಲ್ಲಿ ಮತ್ತೆ ಕಟ್ಟಿದ್ದು. 1888ರ ಹನ್ನೆರಡರಲ್ಲಿದ್ದ ಅಕ್ರಿಂಗ್ಟನ್ ಬೇರೆಯೇ ಕ್ಲಬ್. ಹೆಸರು ನೋಡಿ ಮೂರನ್ನೂ ಒಂದೇ ಖಾತೆಗೆ ಜಮಾ ಮಾಡುವಂತಿಲ್ಲ.

ಇನ್ನು ದೊಡ್ಡ ಗೆಲುವು. 1885ರ ಸೆಪ್ಟೆಂಬರ್ 12ರಂದು ಸ್ಕಾಟಿಷ್ ಕಪ್‌ನಲ್ಲಿ ಆರ್ಬ್ರೋತ್ ತಂಡ ಬಾನ್ ಅಕಾರ್ಡ್ ತಂಡವನ್ನು 36–0ರಿಂದ ಸೋಲಿಸಿತು. ಜಾನ್ ಪೆಟ್ರಿ ಒಬ್ಬರದೇ 13 ಗೋಲು. ಅದೇ ದಿನ, ಅದೇ ಕಪ್‌ನಲ್ಲಿ, ಡಂಡೀ ಹಾರ್ಪ್ ತಂಡ ಅಬರ್ಡೀನ್ ರೋವರ್ಸ್ ವಿರುದ್ಧ 35–0. ಅಲ್ಲಿ ರೆಫರಿಯ ಲೆಕ್ಕದಲ್ಲಿ 37 ಗೋಲು ಇದ್ದವಂತೆ, ಹಾರ್ಪ್‌ನ ಕಾರ್ಯದರ್ಶಿಯ ಚೀಟಿಯಲ್ಲಿ 35. ರೆಫರಿ ಕಾರ್ಯದರ್ಶಿಯ ಲೆಕ್ಕವನ್ನೇ ಒಪ್ಪಿದರು ಎಂದು ಹೇಳುತ್ತಾರೆ. ಕಾರ್ಯದರ್ಶಿಗಳ ಮಾತಿಗೆ ಆ ಕಾಲದಲ್ಲಿ ಅಷ್ಟು ಬೆಲೆ ಇತ್ತು! ದಾಖಲೆ ಮಾತ್ರ ಆರ್ಬ್ರೋತ್ ಪಾಲಾಯಿತು.

ಪ್ರೇಕ್ಷಕರ ಸಂಖ್ಯೆಗೂ ಇದೇ ಎಚ್ಚರ ಬೇಕು. 1923ರ ಎಫ್‌ಎ ಕಪ್ ಫೈನಲ್‌ಗೆ ವೆಂಬ್ಲಿಯಲ್ಲಿ ಲೆಕ್ಕಕ್ಕೆ ಸಿಕ್ಕವರು 1,26,047. ಗೋಡೆ, ಗೇಟು ಹಾರಿ ಒಳಗೆ ಬಂದವರು ಇದರಲ್ಲಿಲ್ಲ. ಒಟ್ಟು ಎರಡು ಲಕ್ಷ ದಾಟಿತ್ತೆಂಬ ಅಂದಾಜೂ ಉಂಟು.