ಮೂಡುಬಿದಿರೆಯ ಓಲೆ ಮತ್ತು ಒಂದರ ಹಾರ

ಮಂಗಳೂರಿನಿಂದ ಮೂಡುಬಿದಿರೆಗೆ ಹೋದವರು ಸಾಮಾನ್ಯವಾಗಿ 1430ರ ಸಾವಿರ ಕಂಬದ ಬಸದಿಯನ್ನು ನೋಡಿ ಹಿಂದಿರುಗುತ್ತಾರೆ. ನಾನಿಂದು ಹೇಳಹೊರಟಿರುವುದು ಅದೇ ಊರಿನ ಜೈನ ಮಠದಲ್ಲಿದ್ದ ಒಂದು ತಾಳೆಯೋಲೆಯ ಕಟ್ಟಿನ ಸಂಗತಿ.

ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ ಅಮೋಘವರ್ಷ ನೃಪತುಂಗನ ಕಾಲದ, ಸುಮಾರು 850ರ, ಸಂಸ್ಕೃತ ಕೃತಿ. ಮದರಾಸಿನ ಪ್ರೊ. ಎಂ. ರಂಗಾಚಾರ್ಯರು 1912ರಲ್ಲಿ ಅದನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದಾಗ ಆಧರಿಸಿದ ಪ್ರತಿಗಳಲ್ಲೊಂದು, ಮೂಡುಬಿದಿರೆಯ ಕನ್ನಡ ಲಿಪಿಯ ಓಲೆಯಿಂದ ನಕಲು ಮಾಡಿದ್ದು.

ಗುಣಾಕಾರದ ಪ್ರಕರಣದಲ್ಲಿ ಆಚಾರ್ಯನು ಒಂದು ವಿನೋದವನ್ನು ಕಾಣಿಸುತ್ತಾನೆ. 152207ನ್ನು 73ರಿಂದ ಗುಣಿಸಿದರೆ 11111111. 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳು. ಮಣಿ ಪೋಣಿಸಿದಂತಿರುವ ಇಂಥ ಲಬ್ಧಗಳನ್ನು ಆತ ಕಂಠಾಭರಣವೆಂದು ಕರೆಯುತ್ತಾನೆ. ಲಿಪಿಕಾರನ ಕೈತಪ್ಪಿ ಒಂದಂಕಿ ಕೆಟ್ಟರೂ ಹಾರ ಕೂಡುವುದಿಲ್ಲ. ತಪ್ಪು ತಾನೇ ಬಯಲಾಗುತ್ತದೆ. ಕಾವ್ಯದ ಪಾಠಪರಿಷ್ಕರಣ ಮಾಡುವವರಿಗೆ ಈ ಭಾಗ್ಯವೆಲ್ಲಿ!

ಆಚಾರ್ಯನು ಹಾರವನ್ನು ಪೋಣಿಸಿದ. ಅದನ್ನು ಒಡೆಯಲಾಗದಂತೆ ಪೋಣಿಸಬಹುದೆ? ಎಂದರೆ, ಒಂದುಗಳ ಸಾಲು ಅವಿಭಾಜ್ಯ ಸಂಖ್ಯೆಯಾದೀತೆ? ಆತ ಇಲ್ಲಿ ಕೇಳದ ಈ ಪ್ರಶ್ನೆ ವಿದ್ಯಾರ್ಥಿಯಾಗಿದ್ದಾಗ ನನ್ನನ್ನು ಹಿಡಿದುಕೊಂಡಿತು. ಮಣಿಗಳ ಎಣಿಕೆಯೇ ವಿಭಾಜ್ಯವಾದರೆ ಹಾರವೂ ಒಡೆಯುತ್ತದೆ: ಆರು ಒಂದುಗಳೆಂದರೆ 111 ಗುಣಿಸು 1001. ಆದುದರಿಂದ ಏಳನ್ನು ಆರಿಸಿಕೊಂಡೆ. ಮಂಗಳೂರಿನ ಮಳೆಗಾಲದ ಒಂದು ಸಂಜೆ, 1111111ನ್ನು ಸಣ್ಣ ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸುತ್ತ ಕುಳಿತೆ. ಐವತ್ತೆರಡನೆಯ ಅವಿಭಾಜ್ಯವಾದ 239ರಲ್ಲಿ ಅದು ಒಡೆಯಿತು; ಭಾಗಲಬ್ಧ 4649. ದಕ್ಕಿದ್ದು ಸಂತೋಷವಲ್ಲ, ನಿರಾಸೆ. ಅದು ಒಡೆಯಬಾರದೆಂದೇ ನಾನು ಬಯಸಿದ್ದೆ.

ಫ್ರಾನ್ಸಿನ ಫರ್ಮಾ ಹದಿನೇಳನೆಯ ಶತಮಾನದಲ್ಲಿ ಕಂಡ ನಿಯಮವೊಂದು ಅಂದು ನನಗೆ ತಿಳಿದಿರಲಿಲ್ಲ. ಏಳು ಒಂದುಗಳ ಹಾರವನ್ನು ಭಾಗಿಸಬಲ್ಲ ಯಾವ ಅವಿಭಾಜ್ಯವೇ ಆಗಲಿ, ಅದನ್ನು 7ರಿಂದ ಭಾಗಿಸಿದರೆ 1 ಶೇಷ ಉಳಿಯಲೇಬೇಕೆಂದು ಅದರಿಂದ ಸಿದ್ಧವಾಗುತ್ತದೆ. ಹಾಗಾದರೆ ಪರೀಕ್ಷಿಸಬೇಕಾದವು 29, 43, 71, 113, 127, 197, 211, ಎಂಟನೆಯದೇ 239. ಐವತ್ತೆರಡು ಭಾಗಾಕಾರಗಳು ಎಂಟಕ್ಕಿಳಿದವು. ದೊಡ್ಡ ಸಂಖ್ಯೆಗಳ ಮುಂದೆ ಮನುಷ್ಯನಿಗೆ ಬಲ ಬರುವುದು ಹೀಗೆ, ಭಾಗಿಸುವ ಶ್ರಮದಿಂದಲ್ಲ, ಭಾಗಿಸದೆ ಬಿಡಬಹುದಾದುದನ್ನು ಅರಿಯುವುದರಿಂದ.

ಒಡೆಯದ ಹಾರಗಳು ಇಲ್ಲದಿಲ್ಲ. ಎರಡು ಮಣಿಗಳ 11 ಎಲ್ಲರಿಗೂ ಗೊತ್ತು. ಅದರ ಮುಂದಿನದು 19 ಒಂದುಗಳದು, ಬಳಿಕ 23ರದು. ಆಮೇಲೆ ದೀರ್ಘ ಬಯಲು. 317 ಒಂದುಗಳವರೆಗೆ ಒಂದೂ ಇಲ್ಲ. ಆ 317ರ ಹಾರ ಅವಿಭಾಜ್ಯವೆಂಬ ವಿಲಿಯಮ್ಸರ ಸಾಧನೆ 1978ರಲ್ಲಿಯೂ, 1031ರದು 1986ರಲ್ಲಿಯೂ ಅಚ್ಚಾದುವು. 2023ರಲ್ಲಿ 86,453 ಒಂದುಗಳ ಹಾರಕ್ಕೂ ಗಣಕಯಂತ್ರದ ನೆರವಿನಿಂದ ರುಜುವಾತು ದೊರೆಯಿತು. ಇಂಥವು ಎಲ್ಲಿಯೋ ಮುಗಿಯುತ್ತವೆಯೆ, ಅನಂತವೆ ಎಂಬುದನ್ನು ಯಾರೂ ಸಾಧಿಸಿಲ್ಲ.